ನಮ್ಮದೇ ಆದರೂ ಮಾರುವಂತಿಲ್ಲ: ಒಡೆತನಕ್ಕೂ ಮಾರಾಟಕ್ಕೂ ನಡುವೆ ಕಾನೂನು ಎಳೆದ ಗೆರೆ

ಹೋದ ವರ್ಷ ಮಳೆಗಾಲದ ಒಂದು ಸೋಮವಾರ ಹಿರಿಯರೊಬ್ಬರು ನನ್ನ ಕಚೇರಿಗೆ ಬಂದು, ಅಂಗಿಯ ಒಳಜೇಬಿನಿಂದ ಪ್ಲಾಸ್ಟಿಕ್ ಕವರೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಅದರೊಳಗೆ ನಾಲ್ಕು ಮಡಿಕೆಯ ಹಳದಿ ಕಾಗದ. ಮಡಿಕೆಗಳು ಸವೆದು ಬಿಟ್ಟುಕೊಂಡಿದ್ದವು. ಹಿಂದಿನಿಂದ ಟೇಪು ಅಂಟಿಸಿ ಹಿಡಿದಿಟ್ಟಿದ್ದರು. ಸರ್ಕಾರ ಅವರ ತಂದೆಗೆ ಎರಡು ಎಕರೆ ಮಂಜೂರು ಮಾಡಿದಾಗ ಕೊಟ್ಟ ಸಾಗುವಳಿ ಚೀಟಿ ಅದು. ಮಗಳ ಮದುವೆ ಗೊತ್ತಾಗಿತ್ತು. ಪಕ್ಕದ ಊರಿನವರೊಬ್ಬರು ಜಮೀನಿಗೆ ಒಳ್ಳೆಯ ಬೆಲೆ ಹೇಳಿ ಮುಂಗಡವನ್ನೂ ತಂದಿದ್ದರು. ಕರಾರುಪತ್ರ ಬರೆಸುವುದಷ್ಟೇ ಬಾಕಿ. ನಾನು ಚೀಟಿಯನ್ನು ಬೆಳಕಿಗೆ ಹಿಡಿದು ಓದುತ್ತಾ ಬಂದೆ. ಕೆಳಗಿನ ಷರತ್ತುಗಳ ನಡುವೆ, ಮಸಿ ಮಾಸಿದ್ದರೂ ಸ್ಪಷ್ಟವಾಗಿ ಓದಬಹುದಾದ ಮಾತೊಂದಿತ್ತು: ಪರಭಾರೆ ಮಾಡಕೂಡದು, ಎಂದರೆ ಬೇರೆಯವರ ಕೈಗೆ ದಾಟಿಸಕೂಡದು.

“ಜಮೀನು ನನ್ನದೇ ತಾನೇ ಸ್ವಾಮಿ? ಪಹಣಿಯಲ್ಲೂ ನನ್ನ ಹೆಸರೇ ಇದೆ. ನನ್ನದಾದ ಮೇಲೆ ಮಾರಲು ಯಾರ ಅಪ್ಪಣೆ ಬೇಕು?” ಎಂದು ಅವರು ಕೇಳಿದರು.

ತಾಲ್ಲೂಕು ಊರಿನಲ್ಲಿ ವಕೀಲಿ ಮಾಡುವ ನನಗೆ ಈ ಪ್ರಶ್ನೆ ಹೊಸದಲ್ಲ. ಹೊಲದಲ್ಲಿ ಗಂಧದ ಮರವಿರುವವರು, ಅಜ್ಜನ ಪೆಟ್ಟಿಗೆಯಲ್ಲಿ ಹುಲಿಯುಗುರು ಸಿಕ್ಕವರು, ಮನೆಯಲ್ಲಿ ಉಪ್ಪಿನಕಾಯಿ ಹಾಕಿ ಮಾರುವವರು, ಎಲ್ಲರೂ ಒಂದಲ್ಲ ಒಂದು ರೀತಿಯಲ್ಲಿ ಇದನ್ನೇ ಕೇಳುತ್ತಾರೆ. ಆ ದಿನ ಅವರಿಗೆ ಹತ್ತು ನಿಮಿಷದಲ್ಲಿ ಹೇಳಿದ್ದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಗೊತ್ತಿಲ್ಲದೆ ಮಾರಿ ಕೆಟ್ಟವರನ್ನೂ ಗೊತ್ತಿಲ್ಲದೆ ಕೊಂಡು ಕೆಟ್ಟವರನ್ನೂ ಬೇಕಾದಷ್ಟು ನೋಡಿದ್ದೇನೆ.

ಒಡೆತನ ಎಂದರೆ ಒಂದೇ ಹಕ್ಕು ಎಂದು ನಾವು ತಿಳಿದಿರುತ್ತೇವೆ. ಕಾನೂನಿನ ಕಣ್ಣಿಗೆ ಅದು ಮನೆಯ ಯಜಮಾನಿಯ ಸೊಂಟದಲ್ಲಿರುವ ಬೀಗದ ಕೈಗೊಂಚಲಿನ ಹಾಗೆ. ಇಟ್ಟುಕೊಳ್ಳುವುದಕ್ಕೆ ಒಂದು ಕೈ, ಬಳಸುವುದಕ್ಕೆ ಇನ್ನೊಂದು, ಮಕ್ಕಳಿಗೆ ಬಿಟ್ಟುಹೋಗುವುದಕ್ಕೆ ಮತ್ತೊಂದು, ಮಾರುವುದಕ್ಕೆ ಮಗದೊಂದು. ಸಾಮಾನ್ಯವಾಗಿ ಇಡೀ ಗೊಂಚಲು ನಮ್ಮ ಬಳಿಯೇ ಇರುತ್ತದೆ. ಕೆಲವು ವಸ್ತುಗಳ ವಿಷಯದಲ್ಲಿ ಮಾತ್ರ ಮಾರುವ ಕೈಯೊಂದನ್ನು ಕಾನೂನು ಬಿಚ್ಚಿ ತನ್ನ ಬಳಿ ಇಟ್ಟುಕೊಂಡಿರುತ್ತದೆ. ಹಾಗೆಂದು ಉಳಿದ ಕೈಗಳು ನಮ್ಮವಲ್ಲ ಎಂದಾಗುವುದಿಲ್ಲ.

ಮೂಲ ನಿಯಮ ನಮ್ಮ ಪರವಾಗಿಯೇ ಇದೆ. ಸಂವಿಧಾನದ 19(1)(ಜಿ) ವಿಧಿ ಯಾವುದೇ ವೃತ್ತಿ, ಉದ್ಯೋಗ, ವ್ಯಾಪಾರ ನಡೆಸುವ ಸ್ವಾತಂತ್ರ್ಯವನ್ನು ಎಲ್ಲ ಪ್ರಜೆಗಳಿಗೂ ಕೊಟ್ಟಿದೆ. ಸಾರ್ವಜನಿಕರ ಹಿತಕ್ಕಾಗಿ ನ್ಯಾಯವಾದ ನಿರ್ಬಂಧ ಹಾಕಬಹುದು ಎಂದು ಅದೇ ವಿಧಿಯ 6ನೇ ಖಂಡ ಹೇಳುತ್ತದೆ. ಎಂದರೆ ಮಾರಬಹುದು ಎಂಬುದೇ ವಾಡಿಕೆ, ಮಾರಕೂಡದು ಎಂಬುದು ಅಪವಾದ. ಅಪವಾದಕ್ಕೆ ಬರೆದಿಟ್ಟ ಕಾನೂನಿನ ಆಧಾರ ಇರಲೇಬೇಕು. ಅಧಿಕಾರಿಯೊಬ್ಬರ ಬಾಯಿಮಾತು ಸಾಲದು. ಇದನ್ನು ನೆನಪಿಟ್ಟುಕೊಂಡರೆ ಅರ್ಧ ಹೆದರಿಕೆ ಹೋಗುತ್ತದೆ. ಯಾರಾದರೂ “ಇದನ್ನು ಮಾರುವಂತಿಲ್ಲ” ಎಂದರೆ, ಯಾವ ಕಾಯ್ದೆ, ಎಷ್ಟನೇ ಸೆಕ್ಷನ್ ಎಂದು ವಿನಯದಿಂದಲೇ ಕೇಳಬಹುದು.

ಈ ಸ್ವಾತಂತ್ರ್ಯ ಎಲ್ಲ ಸರಕಿಗೂ ಒಂದೇ ಸಮನಾಗಿ ಸಿಗುವುದಿಲ್ಲ ಎಂಬುದೂ ನಿಜ. 1994ರಲ್ಲಿ ಖೋಡೆ ಡಿಸ್ಟಿಲರೀಸ್ ಮತ್ತು ಕರ್ನಾಟಕ ಸರ್ಕಾರದ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಕುಡಿಯುವ ಮದ್ಯದ ವ್ಯಾಪಾರ ಮೂಲಭೂತ ಹಕ್ಕಲ್ಲ ಎಂದು ತೀರ್ಪು ಕೊಟ್ಟಿತು. ಸರ್ಕಾರ ಅದನ್ನು ಪೂರ್ತಿಯಾಗಿ ನಿಲ್ಲಿಸಬಹುದು, ತಾನೇ ನಡೆಸಬಹುದು, ಪರವಾನಗಿ ಕೊಟ್ಟು ನಡೆಸಲು ಬಿಡಬಹುದು. ಕರ್ನಾಟಕ 2007ರ ಜುಲೈ 1ರಿಂದ ಸಾರಾಯಿಯನ್ನು ನಿಷೇಧಿಸಿ, ಬೇರೆ ಮದ್ಯವನ್ನು ಸನ್ನದಿನ ಮೇಲೆ ಮಾರಲು ಬಿಟ್ಟಿರುವುದು ಈ ಬಲದಿಂದಲೇ.

ಇನ್ನು, ಮಾರಲು ಮೊದಲು ವಸ್ತು ನಮ್ಮದಾಗಿರಬೇಕು. ಹೇಳುವುದೇ ಬೇಡ ಎನಿಸುವ ಈ ಮಾತಿನಲ್ಲಿ ಎಡವುವವರು ಬಹಳ. ತನ್ನಲ್ಲಿಲ್ಲದ ಹಕ್ಕನ್ನು ಯಾರೂ ಇನ್ನೊಬ್ಬರಿಗೆ ದಾಟಿಸಲಾರರು ಎಂಬುದು 1930ರ ಸರಕು ಮಾರಾಟ ಕಾಯ್ದೆಯ 27ನೇ ಸೆಕ್ಷನ್ನಿನ ತಿರುಳು. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ ಎಂಬುದು ಇಲ್ಲಿ ನಡೆಯುವುದಿಲ್ಲ. ಬಸ್ ನಿಲ್ದಾಣದಲ್ಲಿ ಕಡಿಮೆ ಬೆಲೆಗೆ ಸಿಕ್ಕ ಹಳೆಯ ಮೊಬೈಲ್ ಕದ್ದದ್ದಾಗಿದ್ದರೆ, ನಾವು ಎಷ್ಟೇ ಪ್ರಾಮಾಣಿಕವಾಗಿ ಹಣ ಕೊಟ್ಟಿದ್ದರೂ ಫೋನು ನಮ್ಮದಾಗುವುದಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 6ನೇ ಸೆಕ್ಷನ್ ಇನ್ನೊಂದು ಸ್ವಾರಸ್ಯದ ಮಾತು ಹೇಳುತ್ತದೆ: ಎಲ್ಲ ಬಗೆಯ ಸ್ವತ್ತನ್ನೂ ವರ್ಗಾಯಿಸಬಹುದು, ಆದರೆ ಮುಂದೆ ವಾರಸುದಾರನಾಗಬಹುದು ಎಂಬ ಬರಿಯ ನಿರೀಕ್ಷೆಯನ್ನು ವರ್ಗಾಯಿಸುವಂತಿಲ್ಲ. ತಂದೆ ಸ್ವಂತ ದುಡಿಮೆಯಿಂದ ಕಟ್ಟಿಸಿದ ಮನೆಯನ್ನು, ತಂದೆ ಬದುಕಿರುವಾಗಲೇ “ನಾಳೆ ನನಗೇ ಬರುವುದು” ಎಂದು ಮಗ ಮಾರಲಾರ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಹುದು, ಕೂಸನ್ನು ತೋರಿಸಿ ಸಾಲ ತರಲಾಗದು.

ಹಾಗೆಯೇ ಅಪ್ರಾಪ್ತ ಮಕ್ಕಳ ಹೆಸರಿನಲ್ಲಿರುವ ಸ್ಥಿರಾಸ್ತಿ. ಹಿಂದೂ ಕುಟುಂಬಗಳಲ್ಲಿ ತಂದೆತಾಯಿಯೇ ಪೋಷಕರಾಗಿದ್ದರೂ ನ್ಯಾಯಾಲಯದ ಮುಂಚಿತ ಅನುಮತಿ ಇಲ್ಲದೆ ಅದನ್ನು ಮಾರುವಂತಿಲ್ಲ. 1956ರ ಕಾಯ್ದೆ ಈ ಮಾತನ್ನು ಸ್ಪಷ್ಟವಾಗಿ ಹೇಳಿದೆ. ಮಾರಿದ್ದರೆ ಆ ಮಗು ಬೆಳೆದ ಮೇಲೆ ಆ ಕ್ರಯವನ್ನು ಪ್ರಶ್ನಿಸಬಹುದು.

ಈಗ ಆ ಹಿರಿಯರ ಎರಡು ಎಕರೆಗೆ ಬರೋಣ.

ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳಿಗೆ ಸರ್ಕಾರ ಮಂಜೂರು ಮಾಡಿದ ಜಮೀನಿನ ಪರಭಾರೆಯನ್ನು ನಿಷೇಧಿಸುವ ಕಾಯ್ದೆಯೊಂದು ಕರ್ನಾಟಕದಲ್ಲಿದೆ. 1978ರದು, 1979ರ ಜನವರಿ 1ರಿಂದ ಜಾರಿಯಲ್ಲಿದೆ. ತಾಲ್ಲೂಕು ಕಚೇರಿಯಲ್ಲಿ ಎಲ್ಲರೂ ಇದನ್ನು ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಪಿಟಿಸಿಎಲ್ ಎಂದೇ ಕರೆಯುತ್ತಾರೆ. ಅದರ 4ನೇ ಸೆಕ್ಷನ್ ಎರಡು ಮಾತು ಹೇಳುತ್ತದೆ. ಮಂಜೂರಾತಿಯ ಷರತ್ತನ್ನು ಮುರಿದು ಆದ ಪರಭಾರೆ, ಅದು ಕಾಯ್ದೆ ಬರುವ ಮೊದಲೇ ಆಗಿರಲಿ, ಬಂದ ಮೇಲೆ ಆಗಿರಲಿ, ಊರ್ಜಿತವಲ್ಲ. ಕಾಯ್ದೆ ಬಂದ ಮೇಲಂತೂ ಸರ್ಕಾರದ ಪೂರ್ವಾನುಮತಿ ಇಲ್ಲದೆ ಅಂಥ ಜಮೀನನ್ನು ಪರಭಾರೆ ಮಾಡುವಂತೆಯೇ ಇಲ್ಲ.

ಪರಭಾರೆ ಎಂದರೆ ಕ್ರಯ ಮಾತ್ರ ಎಂದುಕೊಂಡು ಮೋಸಹೋಗುವವರಿದ್ದಾರೆ. “ನೋಂದಣಿ ಬೇಡ, ಬರಿಯ ಕರಾರು ಮಾಡಿಕೊಳ್ಳೋಣ, ಭೋಗ್ಯಕ್ಕೆ ಹಾಕಿಕೊಳ್ಳೋಣ” ಎಂದು ದಾರಿ ತೋರಿಸುವ ಮಧ್ಯವರ್ತಿಗಳಿಗೂ ಬರವಿಲ್ಲ. ಕಾಯ್ದೆ ಅವರಿಗಿಂತ ಮೊದಲೇ ಯೋಚಿಸಿದೆ. ದಾನ, ವಿನಿಮಯ, ಸ್ವಾಧೀನ ಕೊಟ್ಟೋ ಕೊಡದೆಯೋ ಮಾಡಿದ ಅಡಮಾನ, ಗುತ್ತಿಗೆ, ಕೊನೆಗೆ ಕ್ರಯದ ಕರಾರು ಕೂಡ ಪರಭಾರೆಯೇ ಎಂದು ಅದು ಬರೆದಿಟ್ಟಿದೆ. ಕುಟುಂಬದೊಳಗಿನ ಪಾಲು ವಿಭಾಗ ಮತ್ತು ಮರಣಶಾಸನ, ಈ ಎರಡು ಮಾತ್ರ ಹೊರಗೆ. ಜನರಲ್ ಪವರ್ ಆಫ್ ಅಟಾರ್ನಿ ಬರೆಸಿಕೊಂಡು ಜಮೀನು ಕೊಂಡೆವು ಎನ್ನುವವರಿಗೆ ಇನ್ನೊಂದು ಮಾತು: ಯಾವ ಸ್ಥಿರಾಸ್ತಿಯೇ ಆಗಲಿ, ಅಧಿಕಾರಪತ್ರದಿಂದ ಒಡೆತನ ದಾಟುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರ ಸೂರಜ್ ಲ್ಯಾಂಪ್ ತೀರ್ಪಿನಲ್ಲಿ ಹೇಳಿಯಾಗಿದೆ.

ಷರತ್ತು ಮುರಿದರೆ ಏನಾಗುತ್ತದೆ? ಮಂಜೂರಾದವರಾಗಲಿ ಅವರ ವಾರಸುದಾರರಾಗಲಿ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬಹುದು. ಬೇರೆ ಯಾರಾದರೂ ಬರಹದಲ್ಲಿ ಮಾಹಿತಿ ಕೊಟ್ಟರೂ ಸಾಕು. ವಿಚಾರಣೆಯಾಗಿ ಪರಭಾರೆ ಅನೂರ್ಜಿತ ಎಂದು ತೀರ್ಮಾನವಾದರೆ ಕೊಂಡವರನ್ನು ಬಿಡಿಸಿ ಜಮೀನನ್ನು ಮೂಲ ಮಂಜೂರುದಾರರ ಕುಟುಂಬಕ್ಕೆ ಮರಳಿಸುತ್ತಾರೆ. ಕೊಂಡವರು ಕೊಟ್ಟ ಹಣಕ್ಕೆ ಪರಿಹಾರ ಸಿಗುತ್ತದೆಂದು ನಂಬುವಂತಿಲ್ಲ. ಈ ಕಾಯ್ದೆಯನ್ನು ಪ್ರಶ್ನಿಸಿ ಹೋದವರ ವಾದವನ್ನು ಸುಪ್ರೀಂ ಕೋರ್ಟ್ 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಒಪ್ಪಲಿಲ್ಲ. ಬಡವರಿಗೆ ಬದುಕಿನ ಆಸರೆಯಾಗಿ ಕೊಟ್ಟ ನೆಲ, ಅವರ ಕಷ್ಟವನ್ನೂ ಅನಕ್ಷರತೆಯನ್ನೂ ಬಳಸಿಕೊಂಡವರ ಪಾಲಾಗಬಾರದು ಎಂಬುದೇ ಅದರ ಒಳತಿರುಳು.

ಎಷ್ಟು ವರ್ಷದ ಮೇಲೆ ಅರ್ಜಿ ಹಾಕಬಹುದು ಎಂಬ ಜಗಳ ಬಹಳ ಕಾಲದ್ದು. 2017ರಲ್ಲಿ ಸುಪ್ರೀಂ ಕೋರ್ಟ್ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ, ಕಾಲು ಶತಮಾನದಷ್ಟು ತಡಮಾಡಿ ಬಂದ ಅರ್ಜಿಯನ್ನು ಒಪ್ಪಲಾಗದು, ಯುಕ್ತ ಕಾಲದೊಳಗೆ ಬರಬೇಕು ಎಂದಿತು. ಅದರ ಬೆನ್ನಲ್ಲೇ ನೂರಾರು ಕುಟುಂಬಗಳ ಅರ್ಜಿಗಳು ತಡವಾದ ಕಾರಣಕ್ಕೆ ಬಿದ್ದುಹೋಗುವ ಸ್ಥಿತಿ ಬಂತು. ದಲಿತ ಸಂಘಟನೆಗಳ ಹೋರಾಟದ ನಂತರ 2023ರಲ್ಲಿ ವಿಧಾನಮಂಡಲ ತಿದ್ದುಪಡಿ ತಂದು, ಕಾಲಮಿತಿ ಅನ್ವಯಿಸುವುದಿಲ್ಲ ಎಂದು ಸೇರಿಸಿತು. ಆ ತಿದ್ದುಪಡಿಯನ್ನು ಹೇಗೆ ಓದಬೇಕೆಂಬ ವಾದ ನ್ಯಾಯಾಲಯಗಳಲ್ಲಿ ಇನ್ನೂ ನಡೆದೇ ಇದೆ. ಜಮೀನು ಕೊಳ್ಳಹೊರಟವರಿಗೆ ನಾನು ಹೇಳುವುದು ಒಂದೇ ಮಾತು: ಪಹಣಿಯಲ್ಲಿ ಹೆಸರು ನೋಡಿ ಸಮಾಧಾನಪಟ್ಟುಕೊಳ್ಳಬೇಡಿ. 11ನೇ ಕಾಲಂ ಓದಿ, ಮೂಲ ಮಂಜೂರಾತಿ ಕಡತದ ನಕಲು ತೆಗೆಸಿ, ಜಮೀನು ಮೊದಲು ಯಾರಿಗೆ, ಯಾವ ಷರತ್ತಿನ ಮೇಲೆ ಬಂದದ್ದು ಎಂದು ನೋಡಿ. ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಅಧಿಭೋಗದ ಹಕ್ಕು ಬಂದ ಜಮೀನಿಗೂ ಭೂನ್ಯಾಯಮಂಡಳಿಯ ಅಂತಿಮ ಆದೇಶದ ದಿನದಿಂದ 15 ವರ್ಷ ಮಾರಬಾರದೆಂಬ ಷರತ್ತಿದೆ.

ಆ ಹಿರಿಯರಿಗೆ ಇದನ್ನೆಲ್ಲ ಹೇಳಿದಾಗ ಅವರು ತುಸು ಹೊತ್ತು ಸುಮ್ಮನಿದ್ದು, “ಹಾಗಾದರೆ ನಮ್ಮ ಕಷ್ಟಕ್ಕೆ ನಮ್ಮ ಜಮೀನು ಆಗುವುದೇ ಇಲ್ಲವೇ?” ಎಂದರು. ಆ ಮಾತು ನನ್ನನ್ನು ಕಾಡುತ್ತದೆ. ಕಾನೂನು ಅವರನ್ನು ಕಾಯುತ್ತಿದೆ, ನಿಜ. ಆದರೆ ಕಾಯುವ ಕಾನೂನು ಅಡಚಣೆಯ ದಿನ ಕೈಗೆ ಸಾಲವನ್ನಾದರೂ ದೊರಕಿಸಬೇಕು. ಪೂರ್ವಾನುಮತಿಯ ಅರ್ಜಿ ತಿಂಗಳುಗಟ್ಟಲೆ ಮೇಜಿನಿಂದ ಮೇಜಿಗೆ ತಿರುಗುವಾಗ, ಮದುವೆಯ ಮುಹೂರ್ತ ಕಾಯುವುದಿಲ್ಲ. ಕಳ್ಳ ಕರಾರುಗಳು ಹುಟ್ಟುವುದು ಇಂಥ ಸಂದಿಯಲ್ಲಿಯೇ. ಅವರು ಕೊನೆಗೆ ಮುಂಗಡವನ್ನು ಹಿಂದಿರುಗಿಸಿದರು. ಮಗಳ ಮದುವೆ ದೇವಸ್ಥಾನದಲ್ಲಿ ಸರಳವಾಗಿ ನಡೆಯಿತು.

ಜಮೀನಿನ ಮಾತು ಹೀಗಾದರೆ, ಅದೇ ಜಮೀನಿನ ಬೇಲಿಯಲ್ಲಿ ತಾನಾಗಿ ಹುಟ್ಟಿದ ಮರದ ಕಥೆ ಬೇರೆ. ಗಂಧದ ಹಣ್ಣನ್ನು ಹಕ್ಕಿಗಳು ತಿಂದು ಬೀಜ ಉದುರಿಸುತ್ತವೆ. ಬೇಲಿಸಾಲಿನಲ್ಲಿ, ಬೇರೆ ಗಿಡಗಳ ಮಗ್ಗುಲಲ್ಲಿ ಗಂಧ ತಾನೇ ಮೇಲೇಳುತ್ತದೆ. ಅಕ್ಕಪಕ್ಕದ ಗಿಡಗಳ ಬೇರಿಗೆ ತನ್ನ ಬೇರು ಕಚ್ಚಿಸಿ ಆಹಾರ ಹೀರುವ ಮರವಾದ್ದರಿಂದ ಬೇಲಿ ಅದಕ್ಕೆ ಹೇಳಿ ಮಾಡಿಸಿದ ಜಾಗ. ಅಂಥ ಸಸಿ ಕಂಡರೆ ನಮ್ಮ ಹಿಂದಿನ ತಲೆಮಾರಿನ ರೈತರು ಏನು ಮಾಡುತ್ತಿದ್ದರು ಗೊತ್ತೇ? ಯಾರೂ ನೋಡುವ ಮುಂಚೆ ಕಿತ್ತೆಸೆಯುತ್ತಿದ್ದರು.

ಕಾರಣವಿತ್ತು. ಟಿಪ್ಪು ಸುಲ್ತಾನ್ 1792ರಲ್ಲಿ ಗಂಧವನ್ನು ರಾಜವೃಕ್ಷವೆಂದು ಸಾರಿದ. ಅರಸರು ಬದಲಾದರು, ಆಡಳಿತ ಬದಲಾಯಿತು, ಮರದ ಮೇಲಿನ ಸರ್ಕಾರದ ಹಿಡಿತ ಬದಲಾಗಲಿಲ್ಲ. ಮೊದಲ ಮಹಾಯುದ್ಧದಿಂದ ಯುರೋಪಿಗೆ ಗಂಧದ ರಫ್ತು ನಿಂತಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಸರ್ಕಾರವೇ ಗಂಧದೆಣ್ಣೆ ತೆಗೆಯಲಾರಂಭಿಸಿತು. ಆ ಎಣ್ಣೆಯಿಂದಲೇ ಮೈಸೂರು ಸ್ಯಾಂಡಲ್ ಸೋಪು ಬಂತು. ಇತ್ತ ಹೊಲದ ಒಡೆಯನಿಗೆ ಮಾತ್ರ ಮರ ಹೊರೆಯಾಗಿತ್ತು. 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ತನ್ನ ಜಮೀನಿನ ಗಂಧವನ್ನು ಕಾಪಾಡುವ ಹೊಣೆ ಅವನದು. ರಾತ್ರಿ ಕಳ್ಳರು ಗರಗಸ ಹಾಕಿದರೆ ಬೆಳಿಗ್ಗೆ ಉತ್ತರ ಕೊಡಬೇಕಾದವನೂ ಅವನೇ. ಕಾವಲು ಪೂರ್ತಿ ಅವನ ಪಾಲಿಗೆ, ಮರದ ಮೇಲಿನ ಮಾತು ಸರ್ಕಾರದ ಪಾಲಿಗೆ ಎಂದ ಮೇಲೆ ಯಾರು ತಾನೇ ಬೆಳೆಸಿಯಾರು?

2001ರ ತಿದ್ದುಪಡಿಯಿಂದ ಇದು ಬದಲಾಯಿತು. ಜಮೀನುದಾರನೇ ತನ್ನ ಜಮೀನಿನ ಗಂಧದ ಮರಗಳ ಹಕ್ಕುದಾರ ಎಂದು ಕಾಯ್ದೆ ಒಪ್ಪಿತು. ಬೀಗದ ಕೈಗೊಂಚಲಿನ ಉದಾಹರಣೆ ನೆನಪಿಸಿಕೊಳ್ಳಿ: ಬೆಳೆಯುವ, ಇಟ್ಟುಕೊಳ್ಳುವ ಕೈಗಳು ರೈತನಿಗೆ ಬಂದವು, ಕಡಿಯುವುದೂ ಮಾರುವುದೂ ಇಲಾಖೆಯ ಕಣ್ಣಳತೆಯಲ್ಲೇ ಉಳಿದವು. ಮರ ಕಡಿಯುವ ಮುನ್ನ ಅರಣ್ಯ ಇಲಾಖೆಗೆ ಅರ್ಜಿ ಹಾಕಿ ಅನುಮತಿ ಪಡೆಯಬೇಕು. ಕಡಿಯುವುದು ಎಂದೆನಾದರೂ ಗಂಧವನ್ನು ಬೇರು ಸಮೇತ ಅಗೆದೇ ತೆಗೆಯುತ್ತಾರೆ, ಬೇರಿನಲ್ಲೂ ಒಳ್ಳೆಯ ಎಣ್ಣೆಯಿರುತ್ತದೆ. ಮೇಲಿನ ಬಿಳಿಯ ಭಾಗವನ್ನು ಕೆತ್ತಿ ಒಳಗಿನ ಚೇಗನ್ನು ಬೇರ್ಪಡಿಸುತ್ತಾರೆ. ಬೆಲೆ ಇರುವುದು ಚೇಗಿಗೆ. ಅದು ಕಟ್ಟಿಕೊಳ್ಳಲು ಹದಿನೈದಿಪ್ಪತ್ತು ವರ್ಷವಾದರೂ ಬೇಕು. ಮೊದಲು ಅರಣ್ಯ ಇಲಾಖೆಯೊಂದೇ ಕೊಳ್ಳುವವರಾಗಿತ್ತು. ಆಮೇಲಿನ ತಿದ್ದುಪಡಿಯಲ್ಲಿ ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್‌ನಂಥ ಸರ್ಕಾರಿ ಸಂಸ್ಥೆಗಳಿಗೂ ಮಾರಲು ದಾರಿಯಾಯಿತು. ನಿಯಮಗಳು ಈಚಿನ ವರ್ಷಗಳಲ್ಲಿ ಸಡಿಲವಾಗುತ್ತಲೇ ಬಂದಿವೆ. ಆದ್ದರಿಂದ ಮರ ಬಲಿತಾಗ ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಆ ದಿನದ ನಿಯಮವನ್ನು ಬರಹದಲ್ಲೇ ಕೇಳಿ ಪಡೆಯುವುದು ಒಳ್ಳೆಯದು. ಮನೆ ಬಾಗಿಲಿಗೆ ಬಂದು ಹೆಚ್ಚು ಬೆಲೆ ಕೊಡುತ್ತೇನೆ ಎನ್ನುವವನಿಗೆ ಒಂದು ತುಂಡು ಕೊಟ್ಟರೂ ಒಡೆಯ ಕಳ್ಳನಾಗುತ್ತಾನೆ. ಗಂಧದ ಅಪರಾಧಕ್ಕೆ ಶಿಕ್ಷೆ ಹಗುರವಲ್ಲ.

ಈ ಹಿಡಿತದಿಂದ ಆದ ನಷ್ಟವನ್ನು ಹೇಳದೆ ಇರಲಾರೆ. ರೈತನ ಕೈಯಿಂದ ಮರವನ್ನು ಕಿತ್ತುಕೊಂಡ ಕಾನೂನು, ನಾಡಿನಿಂದ ಮರವನ್ನೇ ಕಿತ್ತುಕೊಂಡಿತು. ಇಂದು ನಮ್ಮದೇ ಜಾತಿಯ ಗಂಧದ ದೊಡ್ಡ ದೊಡ್ಡ ತೋಟಗಳು ಪಶ್ಚಿಮ ಆಸ್ಟ್ರೇಲಿಯಾದ ಕುನುನುರ್ರಾ ಸುತ್ತ ಇವೆ. ಗಂಧದ ನಾಡಿನ ಬೇಲಿಸಾಲಿನಲ್ಲಿ ಕಿತ್ತೆಸೆದ ಸಸಿಗಳಿಗೆ ಲೆಕ್ಕವಿಟ್ಟವರಿಲ್ಲ. ಮಾರಾಟವನ್ನು ಬಿಗಿದರೆ ಮರ ಉಳಿಯುತ್ತದೆ ಎಂಬ ಎಣಿಕೆ ಇಲ್ಲಿ ತಲೆಕೆಳಗಾಯಿತು ಎಂದೇ ನಾನು ನಂಬಿದ್ದೇನೆ.

ಹಾಗಾದರೆ ಎಲ್ಲ ನಿಷೇಧವೂ ತಪ್ಪೇ? ಅಲ್ಲ. ಮಾರುವವನ ಮೈಯೇ ಸರಕಾದಾಗ ನನ್ನ ಮನಸ್ಸು ನಿಷೇಧದ ಕಡೆಗೇ ವಾಲುತ್ತದೆ.

1990ರ ದಶಕದ ಆರಂಭದಲ್ಲಿ ಬೆಂಗಳೂರು ಮೂತ್ರಪಿಂಡದ ವ್ಯಾಪಾರಕ್ಕೆ ಹೆಸರಾಗಿತ್ತು. ಕೂಲಿಕಾರರಿಗೆ ಆಸೆ ಹುಟ್ಟಿಸಿ, ಕೆಲವರಿಗೆ ಏನು ನಡೆಯುತ್ತಿದೆ ಎಂಬುದೇ ತಿಳಿಯದಂತೆ ಕಿಡ್ನಿ ತೆಗೆದ ಜಾಲವೊಂದು 1995ರಲ್ಲಿ ಅಲ್ಲಿಯೇ ಬಯಲಾಯಿತು. ಸಂಸತ್ತು 1994ರಲ್ಲಿ ಮಾಡಿದ ಮಾನವ ಅಂಗಾಂಗ ಕಸಿ ಕಾಯ್ದೆ ಬಂದದ್ದು ಈ ಕಾಲದಲ್ಲಿಯೇ. ಅಂಗವನ್ನು ಕೊಡಬಹುದು, ಮಾರಕೂಡದು ಎಂಬುದು ಅದರ ಒಂದೇ ಸಾಲಿನ ಸಾರ. ಗಂಡ, ಹೆಂಡತಿ, ಮಕ್ಕಳು, ತಂದೆತಾಯಿ, ಒಡಹುಟ್ಟಿದವರು ಮಾತ್ರ ಹತ್ತಿರದ ಸಂಬಂಧಿಕರ ಪಟ್ಟಿಯಲ್ಲಿದ್ದರು. 2011ರ ತಿದ್ದುಪಡಿ ಅಜ್ಜ ಅಜ್ಜಿ, ಮೊಮ್ಮಕ್ಕಳನ್ನೂ ಸೇರಿಸಿತು. ಬೇರೆಯವರು ಪ್ರೀತಿಯಿಂದ ಕೊಡುವುದಾದರೆ, ಹಿಂದೆ ಹಣದ ಮಾತಿಲ್ಲ ಎಂದು ಅನುಮೋದನಾ ಸಮಿತಿಗೆ ಮನವರಿಕೆಯಾಗಬೇಕು. ಶಿಕ್ಷೆ 5ರಿಂದ 10 ವರ್ಷ ಜೈಲು, 20 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡ. ಕೊಂಡವನು, ದಲ್ಲಾಳಿ, ಜಾಹೀರಾತು ಕೊಟ್ಟವನು ಎಲ್ಲರೂ ಇದರೊಳಗೆ ಬರುತ್ತಾರೆ. ಸಾಲಕ್ಕೆ ಹೆದರಿ ಮಾರಿಕೊಂಡವನೂ ಬರುತ್ತಾನೆ ಎಂಬುದನ್ನು ಒತ್ತಿ ಹೇಳಬೇಕು. ಮೋಸಹೋಗಿ ಪೊಲೀಸರ ಬಳಿಗೆ ಹೋಗಲು ಅವನು ಅಂಜುವುದು ಇದರಿಂದಲೇ. ದಲ್ಲಾಳಿಗಳಿಗೆ ಇದು ಚೆನ್ನಾಗಿ ಗೊತ್ತು.

ಹಣ ಎಂದರೆ ಯಾವ ಹಣವೂ ಅಲ್ಲ. ಶಸ್ತ್ರಚಿಕಿತ್ಸೆಯ ಖರ್ಚು, ಅಂಗ ಸಾಗಿಸುವ ಖರ್ಚು, ದಾನಿ ಮಲಗಿದ್ದ ದಿನಗಳಲ್ಲಿ ಕಳೆದುಕೊಂಡ ಕೂಲಿ, ಇವನ್ನು ತುಂಬಿಕೊಟ್ಟರೆ ಅದು ಮಾರಾಟವಲ್ಲ ಎಂದು ಕಾಯ್ದೆಯೇ ಹೇಳಿದೆ. ಅಣ್ಣನಿಗೆ ಕಿಡ್ನಿ ಕೊಟ್ಟ ತಂಗಿಯ ಎರಡು ತಿಂಗಳ ಸಂಬಳವನ್ನು ಅಣ್ಣ ಕೊಟ್ಟರೆ ಹೆದರಬೇಕಾಗಿಲ್ಲ.

ರಕ್ತವೂ ಹೀಗೆಯೇ. ಹಣಕ್ಕಾಗಿ ರಕ್ತ ಕೊಡುವ ಪದ್ಧತಿಯನ್ನು ಎರಡು ವರ್ಷದೊಳಗೆ ನಿಲ್ಲಿಸಬೇಕೆಂದು ಸುಪ್ರೀಂ ಕೋರ್ಟ್ 1996ರ ಜನವರಿಯಲ್ಲಿ ಆದೇಶಿಸಿತು. ರಕ್ತನಿಧಿಯವರು ಈಗ ಪಡೆಯುವುದು ರಕ್ತದ ಬೆಲೆಯನ್ನಲ್ಲ, ಪರೀಕ್ಷೆ ಮತ್ತು ಸಂಸ್ಕರಣೆಯ ಶುಲ್ಕವನ್ನು. 2024ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ತಾಯಿಯ ಹಾಲನ್ನು ಮಾರುವುದಕ್ಕೆ ಅವಕಾಶವಿಲ್ಲ ಎಂದು ಸಾರಿ ಹೇಳಿತು. ಕೂದಲಿಗೆ ಮಾತ್ರ ಈ ಯಾವ ತಡೆಯೂ ಇಲ್ಲ. ತಿರುಮಲದಲ್ಲಿ ಭಕ್ತರು ಕೊಟ್ಟ ಮುಡಿಯನ್ನು ದೇವಸ್ಥಾನದವರು ಹರಾಜು ಹಾಕುತ್ತಾರೆ. ಬೆಳೆಯುವ ಕೂದಲಿಗೂ ಒಮ್ಮೆ ತೆಗೆದರೆ ಮತ್ತೆ ಬಾರದ ಮೂತ್ರಪಿಂಡಕ್ಕೂ ನಡುವೆ ಕಾನೂನು ಎಳೆದ ಈ ಗೆರೆಯನ್ನು ಯಾರಾದರೂ ಒಪ್ಪಬಹುದು.

ಅಜ್ಜನ ಪೆಟ್ಟಿಗೆಯ ಹುಲಿಯುಗುರಿನ ಮಾತು 2023ರ ಅಕ್ಟೋಬರಿನಲ್ಲಿ ಕರ್ನಾಟಕದ ಮನೆಮನೆಯಲ್ಲೂ ಕೇಳಿಬಂತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಹುಲಿಯ ಉಗುರನ್ನು ಮಾರುವುದಿರಲಿ, ಮಾಲೀಕತ್ವದ ಪ್ರಮಾಣಪತ್ರವಿಲ್ಲದೆ ಇಟ್ಟುಕೊಳ್ಳುವುದೂ ಅಪರಾಧ. ಪ್ರಮಾಣಪತ್ರವಿದ್ದರೆ ಇಟ್ಟುಕೊಳ್ಳಬಹುದು, ಮಕ್ಕಳಿಗೆ ಬಿಟ್ಟುಹೋಗಬಹುದು, ಮಾರುವಂತಿಲ್ಲ. ತಾನಾಗಿ ಉದುರಿದ ನವಿಲುಗರಿಯನ್ನು ಜಾತ್ರೆಯಲ್ಲಿ ಮಾರಲು ತಡೆಯಿಲ್ಲ, ಹೊರದೇಶಕ್ಕೆ ಕಳಿಸಲು ತಡೆಯಿದೆ. ಅಟ್ಟದ ಮೇಲಿನ ತಾಳೆಗರಿ ಕಟ್ಟಿಗೂ ಕಾನೂನಿದೆ: ವಿಗ್ರಹ, ನಾಣ್ಯಗಳಿಗೆ 100 ವರ್ಷ, ಚಾರಿತ್ರಿಕವೋ ಸಾಹಿತ್ಯಕವೋ ಆದ ಬೆಲೆಯುಳ್ಳ ಹಸ್ತಪ್ರತಿಗಳಿಗೆ 75 ವರ್ಷ ತುಂಬಿದರೆ, ಅವು ಪುರಾತನ ವಸ್ತುಗಳಾಗುತ್ತವೆ. ಪರವಾನಗಿ ಇಲ್ಲದೆ ಅವುಗಳ ವ್ಯಾಪಾರ ಮಾಡುವಂತಿಲ್ಲ, ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ.

ಕೆಲವೆಡೆ ವಸ್ತುವಿಗೆ ತಡೆಯಿಲ್ಲ, ಕೊಳ್ಳುವವರ ವಯಸ್ಸಿಗೋ ಮಾರುವ ಜಾಗಕ್ಕೋ ತಡೆಯಿದೆ. ತಂಬಾಕನ್ನು 18 ತುಂಬದವರಿಗೆ ಮಾರಬಾರದು ಎಂದು ಕೇಂದ್ರದ 2003ರ ಕಾಯ್ದೆ ಹೇಳಿತು. ಕರ್ನಾಟಕದ ತಿದ್ದುಪಡಿ 2025ರಲ್ಲಿ ಅದನ್ನು 21ಕ್ಕೆ ಏರಿಸಿ, ಸಿಗರೇಟನ್ನು ಬಿಡಿಯಾಗಿ ಮಾರುವುದನ್ನೂ ನಿಲ್ಲಿಸಿತು. ಪೆಟ್ಟಿಗೆ ಅಂಗಡಿಯವರು ಇದನ್ನು ತಿಳಿದಿರಲೇಬೇಕು. ಸಿಗರೇಟು ಮಾರಬಹುದಾದ ಅದೇ ಅಂಗಡಿಯಲ್ಲಿ ಇ-ಸಿಗರೇಟು ಯಾರಿಗೂ ಮಾರುವಂತಿಲ್ಲ, 2019ರಿಂದ ಅದು ಪೂರ್ಣ ನಿಷಿದ್ಧ. ಕಾನೂನು ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಬರೆದದ್ದಲ್ಲ. ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಭಯದಿಂದ ಹುಟ್ಟಿದ್ದು.

ಮನೆಯಲ್ಲಿ ಹಪ್ಪಳ, ಚಟ್ನಿಪುಡಿ, ಉಪ್ಪಿನಕಾಯಿ ಮಾಡಿ ಮಾರುವ ಹೆಂಗಸರು ಹೆದರಿಕೊಂಡು ಕೇಳುವುದುಂಟು. ಅವರಿಗೆ ಧೈರ್ಯವಾಗಿ ಹೇಳುತ್ತೇನೆ: ಮಾರಬಹುದು. 2006ರ ಆಹಾರ ಸುರಕ್ಷತಾ ಕಾಯ್ದೆ ಸಣ್ಣ ತಯಾರಕರಿಂದ ದೊಡ್ಡ ಕಾರ್ಖಾನೆಯ ಪರವಾನಗಿ ಕೇಳುವುದಿಲ್ಲ, ನೋಂದಣಿ ಮಾತ್ರ ಕೇಳುತ್ತದೆ. ಆನ್‌ಲೈನಿನಲ್ಲಿ ಅರ್ಜಿ ಹಾಕಿದರೆ 14 ಅಂಕಿಯ ಸಂಖ್ಯೆ ಸಿಗುತ್ತದೆ. ಪೊಟ್ಟಣ ಕಟ್ಟಿ ಮಾರುವಾಗ ಅದರ ಮೇಲೆ ಆ ಸಂಖ್ಯೆ, ಹೆಸರು ವಿಳಾಸ, ಬಳಸಿದ ಪದಾರ್ಥಗಳು, ತೂಕ, ಬೆಲೆ, ತಯಾರಿಸಿದ ದಿನಾಂಕ ಇರಬೇಕು.

ಬೀಜದ ಮಾತನ್ನು ಕೊನೆಗೆ ಉಳಿಸಿಕೊಂಡಿದ್ದೇನೆ. ಇಷ್ಟು ಹೊತ್ತು ಹೇಳಿದ ಕಾನೂನುಗಳು ಮಾರಬಾರದು ಎನ್ನಲು ಬರೆದಂಥವು. ಬೀಜದಲ್ಲಿ ಮಾತ್ರ ಕಾನೂನು “ಮಾರಬಹುದು” ಎಂದು ಬಾಯಿಬಿಟ್ಟು ಹೇಳಿದೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ, ಕಂಪನಿಯೊಂದು ತನ್ನದೆಂದು ನೋಂದಾಯಿಸಿದ ತಳಿಯ ಬೀಜವನ್ನೂ ರೈತ ಉಳಿಸಿಕೊಳ್ಳಬಹುದು, ಮತ್ತೆ ಬಿತ್ತಬಹುದು, ನೆರೆಯವರಿಗೆ ಕೊಡಬಹುದು, ಬದಲಾಯಿಸಿಕೊಳ್ಳಬಹುದು, ಮಾರಲೂಬಹುದು. ಒಂದೇ ಷರತ್ತು: ಆ ತಳಿಯ ಹೆಸರು ಹಚ್ಚಿ, ಚೀಲದಲ್ಲಿ ತುಂಬಿ, ಬ್ರಾಂಡ್ ಬೀಜವಾಗಿ ಮಾರಕೂಡದು. 1966ರ ಬೀಜ ಕಾಯ್ದೆಯ 24ನೇ ಸೆಕ್ಷನ್ ಕೂಡ, ತಾನೇ ಬೆಳೆದ ಬೀಜವನ್ನು ತನ್ನ ಜಾಗದಲ್ಲಿಯೇ ಬಿತ್ತುವವನಿಗೆ ನೇರವಾಗಿ ಮಾರುವವನನ್ನು ಕಾಯ್ದೆಯ ಹಿಡಿತದಿಂದ ಹೊರಗಿಟ್ಟಿದೆ.

ಈ ಹಕ್ಕಿಗೆ ದೊಡ್ಡ ಪರೀಕ್ಷೆ ಬಂದದ್ದು 2019ರಲ್ಲಿ. ಪೆಪ್ಸಿಕೋ ಕಂಪನಿ ತಾನು ನೋಂದಾಯಿಸಿದ ಎಫ್‌ಸಿ5 ಆಲೂಗಡ್ಡೆಯನ್ನು ಬೆಳೆದರೆಂದು ಗುಜರಾತಿನ ಕೆಲವು ರೈತರ ಮೇಲೆ ತಲಾ ಒಂದು ಕೋಟಿಗೂ ಮೀರಿದ ಪರಿಹಾರ ಕೇಳಿ ದಾವೆ ಹೂಡಿತು. ರೈತರು 39ನೇ ಸೆಕ್ಷನ್ನನ್ನೇ ಮುಂದೆ ಹಿಡಿದರು. ದೇಶದ ತುಂಬ ಮಾತೆದ್ದಿತು, ಮೇ ತಿಂಗಳಲ್ಲಿ ಕಂಪನಿ ದಾವೆಗಳನ್ನು ಹಿಂತೆಗೆದುಕೊಂಡಿತು. 2021ರ ಡಿಸೆಂಬರಿನಲ್ಲಿ ಸಸ್ಯ ತಳಿಗಳನ್ನು ನೋಂದಾಯಿಸುವ ಪ್ರಾಧಿಕಾರ ಆ ತಳಿಯ ನೋಂದಣಿಯನ್ನೇ ರದ್ದು ಮಾಡಿತು. 2024ರ ಜನವರಿಯಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ ಕಂಪನಿಯ ಪರವಾಗಿ ತೀರ್ಪು ಕೊಟ್ಟಿತು. ಅದು ನೋಂದಣಿಯ ಜಗಳ. ರೈತನ ಬೀಜದ ಹಕ್ಕನ್ನು ಹೇಳುವ ಸೆಕ್ಷನ್ ಅಲ್ಲಿಗೂ ಹಾಗೆಯೇ ಇದೆ.

ನಮ್ಮ ಬೀದಿಯ ಕೊನೆಯ ಮನೆಯ ಅಜ್ಜಿ ಒಬ್ಬರು ಅವರೆ, ಹೀರೆ, ಸೋರೆಯ ಬೀಜಗಳನ್ನು ಒಲೆಯ ಬೂದಿಯಲ್ಲಿ ಬೆರೆಸಿ ಒಣಗಿದ ಸೋರೆಬುರುಡೆಯಲ್ಲಿ ತುಂಬಿಡುತ್ತಾರೆ. ಮುಂಗಾರು ಹತ್ತಿರವಾದಂತೆ ಸುತ್ತಲಿನವರು ಬಂದು ಕೊಂಡೊಯ್ಯುತ್ತಾರೆ. ಯಾರೋ ಪಟ್ಟಣದ ಮೊಮ್ಮಗ, “ಲೈಸೆನ್ಸ್ ಇಲ್ಲದೆ ಬೀಜ ಮಾರಿದರೆ ಕೇಸು ಹಾಕುತ್ತಾರೆ ಅಜ್ಜಿ” ಎಂದು ಹೆದರಿಸಿದ್ದನಂತೆ. ಅಜ್ಜಿ ನನ್ನನ್ನು ಕರೆಸಿ ಕೇಳಿದರು. ನಾನು ಜಗಲಿಯ ಮೇಲೆ ಕುಳಿತು ಎರಡೂ ಸೆಕ್ಷನ್ನುಗಳನ್ನು ಕನ್ನಡದಲ್ಲಿ ಓದಿ ಹೇಳಿದೆ. ಅವರು ಕೇಳಿ, ಬುರುಡೆಯ ಮುಚ್ಚಳ ತೆಗೆದು, ಬೂದಿ ಊದಿ, ಒಂದು ಹಿಡಿ ಅವರೆ ಬೀಜವನ್ನು ಹಳೆಯ ಪತ್ರಿಕೆಯ ತುಂಡಿನಲ್ಲಿ ಕಟ್ಟಿ ನನ್ನ ಕೈಗಿಟ್ಟು, “ಹತ್ತು ರೂಪಾಯಿ ಕೊಡಪ್ಪ” ಎಂದರು.